ಇಪ್ಪೆಯ ಕೋಲು

ನನ್ನ ಕೈಯಿಂದ ಹೊರಬಿದ್ದ ಮರದ ಸಾಮಾನುಗಳಲ್ಲಿ ಚಿಗುರಿದ್ದು ಒಂದೇ ಒಂದು. ಆ ಕಥೆಯನ್ನು ಬೇರೆಯವರ ಬಾಯಲ್ಲಿ ಕೇಳಿದರೆ ಉಪ್ಪು ಖಾರ ಸೇರಿರುತ್ತದೆ, ಆದ್ದರಿಂದ ನಾನೇ ಹೇಳಿಬಿಡುತ್ತೇನೆ. ನಾನು ಬಡಗಿ ಕಾಳಮ್ಮ. ಬಾಚಿ ಕಾಳಮ್ಮ ಅಂದರೆ ಊರಿನಲ್ಲಿ ಬೇಗ ಗೊತ್ತಾಗುತ್ತದೆ. ಮರ ಕೆತ್ತುವ ಬಾಚಿ ಸದಾ ಕೈಯಲ್ಲಿರುವುದರಿಂದ ಆ ಹೆಸರು ಬಂತೆಂದು ನಾನು ಹೇಳುತ್ತೇನೆ, ನಾಲಿಗೆ ನೋಡಿ ಇಟ್ಟದ್ದೆಂದು ನನ್ನ ಗಂಡ ನಿಂಗಾಚಾರಿ ಹೇಳುತ್ತಾನೆ. ಅವನು ನನ್ನ ಅವ್ವನ ತಮ್ಮ. ಮದುವೆಗೆ ಮುಂಚೆ ಮಾವ ಅನ್ನುತ್ತಿದ್ದೆ, ಈಗಲೂ ಮಾವ ಅಂತಲೇ ಕರೆಯುತ್ತೇನೆ. ಕಸಬು ನನ್ನ ಅಪ್ಪನದು. ಮಾವ ಉಳಿ ಬಾಚಿ ಮಸೆದು ಕೊಡುತ್ತಾನೆ, ನಾನು ಕೆತ್ತುತ್ತೇನೆ, ಇಬ್ಬರೂ ಜಗಳವಾಡುತ್ತೇವೆ. ನಮ್ಮ ಸಂಸಾರ ಚೆನ್ನಾಗಿಯೇ ಇದೆ.

ನಮ್ಮೂರಿನಲ್ಲಿ ಕಡಿದ ಮರ ತನ್ನ ಕಾಲ ಬಂದಾಗ ಚಿಗುರುತ್ತದೆ. ಮಂಚವಾಗಿರಲಿ, ನೊಗವಾಗಿರಲಿ, ಊಟದ ಮಣೆಯಾಗಿರಲಿ, ಅದಕ್ಕೆ ಎಲ್ಲ ಒಂದೇ. ಶಿವರಾತ್ರಿ ಕಳೆದು ಚಳಿ ಹಿಂದೆ ಸರಿಯುತ್ತಿದ್ದಂತೆ ಮನೆಮನೆಯಲ್ಲೂ ಕುಡುಗೋಲು ಹಿಡಿದು ಮಂಚದ ಕಾಲು ಸವರುವ ಕೆಲಸ ಶುರುವಾಗುತ್ತದೆ. ಹೆಣ್ಣು ನೋಡಲು ಬಂದವರು ಹುಡುಗಿಗಿಂತ ಮೊದಲು ಬಾಗಿಲ ಚೌಕಟ್ಟು ನೋಡುತ್ತಾರೆ. ಅಲ್ಲಿ ಮೊಳದುದ್ದದ ರೆಂಬೆ ಕಂಡರೆ ಮನೆಯವರು ಸೋಮಾರಿಗಳೆಂದು ಕಾಫಿ ಕುಡಿದು ಎದ್ದುಬಿಡುತ್ತಾರೆ. ಬಂಡಿ ಹಿಂದೆ ಬಂಡಿ ಹೋಗುವಾಗ ಹಿಂದಿನ ಎತ್ತುಗಳು ಮುಂದಿನ ಬಂಡಿಯನ್ನು ಮೇಯುತ್ತವೆ, ಅದಕ್ಕೇ ನಮ್ಮಲ್ಲಿ ಯಾರೂ ಬಂಡಿಗಳನ್ನು ಒತ್ತೊತ್ತಾಗಿ ಹೊಡೆಯುವುದಿಲ್ಲ. ಪಂಚಾಯಿತಿ ಕಟ್ಟೆಯ ಬೆಂಚು ಹೊಂಗೆಯದು. ಅದು ಹೂ ಬಿಟ್ಟಾಗ ಜೇನುಹುಳ ಮುತ್ತುವುದರಿಂದ ಆಗ ಪಂಚಾಯಿತಿ ನಿಂತುಕೊಂಡೇ ನಡೆಯುತ್ತದೆ, ಬೇಗ ಮುಗಿಯುತ್ತದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅನ್ನುವ ಗಾದೆಯನ್ನು ನಾವು ಮಕ್ಕಳಿಗೆ ಹೇಳಿಕೊಡುವುದಿಲ್ಲ, ಅವು ಮಂಚದ ಕಡೆ ಬೆರಳು ಮಾಡಿ ನಗುತ್ತವೆ.

ಆದರೆ ಹೆಂಡದ ಸಾಮಾನು ಚಿಗುರಿದರೆ ಮಾತ್ರ ಯಾರೂ ನಗುವುದಿಲ್ಲ. ನಮ್ಮದು ರಾಗಿಹೆಂಡದ ಊರು. ಮೊಳಕೆ ಕಟ್ಟಿ ಒಣಗಿಸಿ ಬೀಸಿದ ರಾಗಿಯಿಂದ ಗಂಜಿ ಕಾಯಿಸಿ, ಆರಿಸಿ, ಮರಿಗೆಗೆ ಸುರಿದು, ಕೋಲಿನಿಂದ ಕಲಕಿ ಮುಚ್ಚಿಟ್ಟರೆ ಅದು ಉಕ್ಕಿ ಹೆಂಡವಾಗುತ್ತದೆ. ಮರಿಗೆ ಅಂದರೆ ದಿಮ್ಮಿಯ ಹೊಟ್ಟೆ ತೋಡಿ ಮಾಡಿದ ದೊಡ್ಡ ಪಾತ್ರೆ. ಕೋಲು ಅಂದರೆ ಎದೆಮಟ್ಟ ಬರುವ, ತುದಿ ಚಪ್ಪಟೆಯಾದ ಕಲಕುವ ಕೋಲು. ರಾಗಿ, ನೀರು, ಮರ, ಈ ಮೂರನ್ನು ಬಿಟ್ಟು ಬೇರೆ ಏನನ್ನೂ ಕೈಯಾರೆ ಮರಿಗೆಗೆ ಹಾಕುವಂತಿಲ್ಲ. ಹಿಂದೆ ಯಾವನೋ ಒಬ್ಬ ಬೆಲ್ಲ ಹಾಕಿ ಸಿಕ್ಕಿಬಿದ್ದ. ಅವನ ಮರಿಮಕ್ಕಳನ್ನು ಇವತ್ತಿಗೂ ಬೆಲ್ಲದೋರು ಅಂತಲೇ ಕರೆಯುತ್ತಾರೆ. ಇನ್ನು ಮರಿಗೆಯೋ ಕೋಲೋ ಒಳಗೆ ಚಿಗುರಿತೆಂದರೆ ಅದರ ರಸ ಇಳಿದು ಹೆಂಡ ಕಹಿಯಾಗಿ, ಇಡೀ ಮರಿಗೆಯನ್ನು ತಿಪ್ಪೆಗೆ ಸುರಿಯಬೇಕು. ಹಾಗಾಗಿ ಜನ ನನ್ನ ಹತ್ತಿರ ಬರುತ್ತಾರೆ. ಮಂಚ, ಬಾಗಿಲು ಯಾರು ಬೇಕಾದರೂ ಮಾಡಬಹುದು. ಮರವನ್ನು ಪೂರ್ತಿ ಸಾಯಿಸಲು ಬರುವುದು ನಮ್ಮ ಮನೆತನಕ್ಕೆ ಮಾತ್ರ.

ಸಾಯಿಸುವುದು ಅಂದರೆ ಬೆಂಕಿಗೆ ಹಾಕುವುದಲ್ಲ. ಮೊದಲು ಮರ ಗೊತ್ತಿರಬೇಕು. ಬೇವು ಹೆಂಡಕ್ಕೆ ಕಹಿ ಬಿಡುತ್ತದೆ. ಹೊನ್ನೆ ನೀರಿನ ಬಣ್ಣ ಕೆಡಿಸುತ್ತದೆ. ತೇಗಕ್ಕೆ ತನ್ನದೇ ಎಣ್ಣೆವಾಸನೆ, ಅದು ದೊಡ್ಡಸ್ತಿಕೆಯ ಮರ, ಇನ್ನೊಬ್ಬರ ರುಚಿಯನ್ನು ತಾಳುವುದಿಲ್ಲ. ಮರಿಗೆಗೆ ನೇರಳೆಯಂಥದ್ದಿಲ್ಲ, ಬಾವಿಯ ತಳಕ್ಕೆ ಹಾಕಿದರೂ ಕೊಳೆಯುವುದಿಲ್ಲ. ಕೋಲಿಗೆ ಹಲಸು. ಕೃಷ್ಣಪಕ್ಷದಲ್ಲಿ ಕಡಿದು, ಕೊಯ್ದ ಎರಡು ತುದಿಗಳಿಗೂ ಸಗಣಿ ಮೆತ್ತಬೇಕು, ಇಲ್ಲದಿದ್ದರೆ ಒಣಗುವ ಆತುರದಲ್ಲಿ ಸೀಳುತ್ತದೆ. ಆಮೇಲೆ ಕೆರೆಯ ಕೆಸರಿನಲ್ಲಿ ಹೂಳಿಟ್ಟು ಒಳಗಿನ ರಸವೆಲ್ಲ ಬಿಟ್ಟುಕೊಳ್ಳಲು ಬಿಡಬೇಕು. ತೆಗೆದು, ಬೂದಿನೀರಿನಲ್ಲಿ ಕುದಿಸಿ, ರಾಗಿಹೊಟ್ಟಿನೊಳಗೆ ಮುಚ್ಚಿ ನೆರಳಲ್ಲಿ ಒಣಗಿಸಬೇಕು. ಕೆತ್ತಿ ಮುಗಿದ ಮೇಲೆ ಹುಚ್ಚೆಳ್ಳೆಣ್ಣೆ ಕುಡಿಸಬೇಕು. ಹೊಂಗೆಯೆಣ್ಣೆ ನಾರುತ್ತದೆ, ಹರಳೆಣ್ಣೆ ಅಂಟಂಟಾಗಿಯೇ ಉಳಿಯುತ್ತದೆ, ಹುಚ್ಚೆಳ್ಳೆಣ್ಣೆ ಒಣಗಿ ಮರದ ಜೊತೆ ಒಂದಾಗುತ್ತದೆ. ಕೊನೆಗೆ ಜೇನುಮೇಣ ಹಚ್ಚಿ ತಿಕ್ಕಿ, ಹಿಡಿಯ ಮೇಲೆ ಕಾದ ಕಬ್ಬಿಣದಿಂದ ಪುಟ್ಟ ಬಾಚಿಯ ಗುರುತು ಒತ್ತುತ್ತೇನೆ. ಆ ಗುರುತಿರುವ ಕೋಲನ್ನು ಹೆಂಗಸರು ಬೆರಳಲ್ಲಿ ತಟ್ಟಿ ನೋಡುವುದೂ ಇಲ್ಲ, ಕಣ್ಣು ಮುಚ್ಚಿ ತೆಗೆದುಕೊಂಡು ಹೋಗುತ್ತಾರೆ.

ನಾನು ಮುಟ್ಟದ ಮರ ಒಂದೇ, ಇಪ್ಪೆ. ಅದು ಹಠಮಾರಿ. ಅಪ್ಪ ಹರೆಯದಲ್ಲಿ ಒಂದು ಇಪ್ಪೆಯ ತೊಲೆಯನ್ನು ಸಾಯಿಸುತ್ತೇನೆಂದು ಜಿದ್ದು ಕಟ್ಟಿ, ಕುದಿಸಿ ಹೂಳಿ ಸಾಕಾಗಿ, ಕೊನೆಗೆ ನಮ್ಮ ಕೆಲಸದ ಚಪ್ಪರಕ್ಕೆ ಅಡ್ಡತೊಲೆ ಮಾಡಿ ಹಾಕಿಬಿಟ್ಟಿದ್ದ. "ಇಪ್ಪೆಗೆ ಬಾಚಿ ಇಕ್ಕಬ್ಯಾಡ ಕಣವ್ವ, ಅದು ಬೆಂದ್ರೂ ಬದುಕ್ತದೆ" ಅನ್ನುತ್ತಿದ್ದ. ಯುಗಾದಿ ಹತ್ತಿರ ಬಂದಾಗ ಆ ತೊಲೆ ಹೂ ಬಿಟ್ಟು, ಬೆಳಗಾದರೆ ದಪ್ಪ ದಪ್ಪ ಸಿಹಿ ಹೂಗಳನ್ನು ನನ್ನ ತಲೆಯ ಮೇಲೆ ಉದುರಿಸುತ್ತದೆ. ಗುಡಿಸುವುದು ಮಾವನ ಕೆಲಸ, ಬಯ್ಯುವುದು ನನ್ನದು.

ನಾನು ಹೇಳಹೊರಟ ಆ ವರ್ಷ ಕೆರೆಯಂಚಿನ ಗುಡಿಸಲಿಗೆ ಬೇರೆ ಹೋದವಳು ದೇವೀರಿ. ಗಂಡ ತೀರಿಕೊಂಡ ಮೇಲೆ ಗಂಡನ ಅಣ್ಣ ಬೋರಯ್ಯನ ಮನೆಯಲ್ಲೇ ಇದ್ದಳು. ಬೋರಯ್ಯ ಕುಡಿದು ಬೀಳುವವನಲ್ಲ, ಕೈ ಎತ್ತುವವನಲ್ಲ. ಊರಿನಲ್ಲಿ ಮರ್ಯಾದಸ್ಥ. ಬೇರೆ ಯಾಕೆ ಹೋಗುತ್ತೀ ಅಂತ ನಾನು ಕೇಳಿದಾಗ ಅವಳು ಹೇಳಿದ್ದು ಇಷ್ಟೇ.

"ಬಾವ ಲೋಟ ಕುಟ್ತಾರೆ ಕಾಳಕ್ಕ. ಜಗುಲಿ ಮ್ಯಾಲೆ ಕುಂತ್ಕಂಡು ನೆಲಕ್ಕೆ ಲೋಟ ಕುಟ್ತಾರೆ. ಒಂದ್ಸಲ ಕುಟ್ಟಿದ್ರೆ ನೀರು, ಎರಡ್ಸಲ ಕುಟ್ಟಿದ್ರೆ ಹೆಂಡ. ಬಾಯಲ್ಲಿ ಒಂದಿನ ಕೇಳಿದ್ದಿಲ್ಲ. ನಾನು ಆ ಮನೇಗೆ ಬಂದಾಗಿಂದ ನನ್ನ ಹೆಸ್ರು ಅವರ ಬಾಯಲ್ಲಿ ಬಂದಿಲ್ಲ. ಇನ್ನು ಸಾಕು."

ನನಗೆ ಅವಳ ಮಾತು ಅರ್ಥವಾಯಿತು. ಆದರೆ ನಮ್ಮೂರಿನಲ್ಲಿ ಒಲೆ ಹಚ್ಚಿದರೆ ಮನೆಯಾಗುವುದಿಲ್ಲ, ಮರಿಗೆ ಉಕ್ಕಿದರೆ ಮನೆ. ಬೇರೆ ಹೋದವರು ಯುಗಾದಿ ಕಳೆದ ಹುಣ್ಣಿಮೆಯ ದಿನ ಬೀದಿಯವರಿಗೆಲ್ಲ ತಮ್ಮ ಮರಿಗೆಯ ಹೆಂಡ ಹಂಚಬೇಕು. ಮೊದಲ ಲೋಟ ಊರಿನ ಹಿರಿಯಳಿಗೆ, ಎರಡನೆಯದು ಬಿಟ್ಟುಬಂದ ಮನೆಯ ಯಜಮಾನನಿಗೆ. ಗಂಜಿ ಗಂಜಿಯಾಗಿಯೇ ಉಳಿದರೆ ಒಲೆಗೆ ನೀರು ಹಾಕಿ, ಬಂದ ದಾರಿಯಲ್ಲೇ ವಾಪಸು ಹೋಗಬೇಕು. ಮುಂದಿನ ವರ್ಷ ನೋಡೋಣ ಅನ್ನುವ ಮಾತಿಲ್ಲ.

ದೇವೀರಿಗೆ ನಾನು ನೇರಳೆಯ ಮರಿಗೆ, ಹಲಸಿನ ಕೋಲು ಮಾಡಿಕೊಟ್ಟೆ. ಅಂಥ ಜೋಡಿಯನ್ನು ನಾನೇ ಮತ್ತೆ ಮಾಡಿಲ್ಲ. ಹೊತ್ತುಕೊಂಡು ಹೋದವಳು ಕೆಲವು ದಿನ ಬಿಟ್ಟು ಒಂದು ಚೆಂಬು ಹಿಡಿದು ಬಂದಳು. ಒಳಗೆ ಗಂಜಿ. ಉಕ್ಕಿಲ್ಲ, ನೊರೆಯಿಲ್ಲ, ಮೇಲೆ ಬೂಷ್ಟು ಹಿಡಿದಿತ್ತು.

"ಸುರಿದು ಇನ್ನೊಂದ್ಸಲ ಕಾಯ್ಸಿ ಇಟ್ಟೆ ಕಾಳಕ್ಕ. ಇದು ಎರಡ್ನೇದು. ಎಲ್ಲಾರೂ ನನ್ ಕೈಗುಣ ಸರಿಯಿಲ್ಲ ಅಂತಾವ್ರೆ."

"ಕೈಗುಣ ಅಂದೋರ ಬಾಯಿಗೆ ನನ್ನ ಕೊಡತಿ ಏಟು" ಅಂದೆ. ಆದರೆ ನನ್ನ ಚಿಂತೆ ಬೇರೆಯೇ ಇತ್ತು. ಕೈ ಸರಿಯಿದ್ದರೆ ಮರ ಸರಿಯಿಲ್ಲ ಅಂತ ಯಾರಾದರೂ ಅನ್ನಬಹುದಲ್ಲ. ಅವಳ ಹಿಂದೆಯೇ ಹೋಗಿ ಮರಿಗೆಯನ್ನು ಬೋರಲು ಹಾಕಿ, ಮೂಸಿ, ನೆಕ್ಕಿ, ಬೆರಳಗೆಣ್ಣಿನಲ್ಲಿ ತಟ್ಟಿ ನೋಡಿದೆ. ಒಂದು ಕೂದಲೆಳೆಯ ಬಿರುಕಿಲ್ಲ, ಒಂದು ತೊಟ್ಟು ರಸವಿಲ್ಲ. ಎಷ್ಟು ಚೆನ್ನಾಗಿ ಸತ್ತಿತ್ತೆಂದರೆ ನನಗೇ ಕಣ್ಣು ತುಂಬಿಬಂತು.

"ಕೋಲು ಅದ್ದಿದ್ಯಾ?" ಅಂತ ಕೇಳಿದೆ.

"ಅದ್ದಕ್ಕೆ ನಂಗೆ ಯಾರು ಬಿಡ್ತಾರೆ ಕಾಳಕ್ಕ?" ಅಂದಳು. ಅಲ್ಲೇ ಇತ್ತು ಗುಟ್ಟು. ಹೊಸ ಕೋಲನ್ನು ಮೊದಲು ಹಿರಿಯರ ಮನೆಯ ಮರಿಗೆಯಲ್ಲಿ ಅದ್ದಿ ತರಬೇಕು. ಆ ಹೆಂಡದ ನೊರೆ ಹತ್ತಿದ ಕೋಲು ಹೊಸ ಮರಿಗೆಯನ್ನು ಉಕ್ಕಿಸುತ್ತದೆ. ಎಲ್ಲರೂ ಅದನ್ನು ಹಿರಿಯರ ಆಶೀರ್ವಾದ ಅನ್ನುತ್ತಾರೆ. ಬೇರೆ ಕುಲದ ಮರಿಗೆಯಲ್ಲಿ ಅದ್ದಿದರೆ ಎರಡೂ ಮನೆಯ ಹೆಂಡ ಹುಳಿತು ಕೆಡುತ್ತದೆಂದು ಯಾರೂ ಅದ್ದಗೊಡುವುದಿಲ್ಲ. ನನ್ನ ಮನೆಯದನ್ನು ಕೊಡೋಣವೆಂದರೆ ಮರಿಗೆ ಮಾಡುವವರು ಮರಿಗೆ ಇಡುವಂತಿಲ್ಲ. ನಾವು ಗಿರಾಕಿಗಳ ಮನೆಯಲ್ಲಿ ಕುಡಿಯುವವರು. ಉಳಿದದ್ದು ಬೋರಯ್ಯನ ಮನೆಯೊಂದೇ.

ದೇವೀರಿಯನ್ನು ಕರೆದುಕೊಂಡು ನಾನೇ ಹೋದೆ. ಬೋರಯ್ಯ ಜಗುಲಿಯ ಮೇಲೆ ಕುಳಿತಿದ್ದ. ನನ್ನನ್ನು ಕೂರಿಸಿ ಮರ್ಯಾದೆಯಿಂದಲೇ ಮಾತಾಡಿಸಿದ. ದೇವೀರಿ ಅಂಗಳದಲ್ಲಿ ನಿಂತಿದ್ದಳು, ಆ ಕಡೆ ಅವನು ನೋಡಲಿಲ್ಲ.

"ಬೋರಯ್ಯಾರೆ, ಮನೆ ಮಗಳ ಥರ ಇದ್ದೋಳು. ಒಂದ್ಸಲ ಕೋಲು ಅದ್ದಕ್ಕೆ ಬಿಡಿ" ಅಂದೆ.

"ನಮ್ಮ ಮರಿಗೆ ನಮ್ಮ ಮನೆಯೋರಿಗೆ ಕಾಳಮ್ಮ. ಬ್ಯಾರೆ ಹೋದ ಮ್ಯಾಲೆ ನಮ್ಮ ನೊರೆ ಯಾಕೆ? ಹುಣ್ಣಿಮೆ ಆದ ಮ್ಯಾಲೆ ಬರ್ಲಿ, ಅಡುಗೆಮನೆ ಹಂಗೇ ಐತೆ. ನಾನೇನು ಓಡ್ಸಿಲ್ಲ." ಅವನು ಲೋಟವನ್ನು ನೆಲಕ್ಕೆ ಎರಡು ಸಲ ಕುಟ್ಟಿದ. ಒಳಗಿನಿಂದ ಅವನ ಹೆಂಡತಿ ಚೆಂಬು ಹಿಡಿದು ಓಡಿಬಂದಳು. ಅಂಗಳದಲ್ಲಿ ನಿಂತಿದ್ದ ದೇವೀರಿಯೂ ಒಂದು ಹೆಜ್ಜೆ ಮುಂದಿಟ್ಟು, ಆಮೇಲೆ ನೆನಪಾಗಿ ನಿಂತಳು. ನಾನು ಅದನ್ನು ಕಣ್ಣಾರೆ ನೋಡಿದೆ. "ಇನ್ನೊಂದು ಮಾತು ಕಾಳಮ್ಮ. ಮರಿಗೆ ಉಕ್ಕಿಲ್ಲ ಅಂದ್ರೆ ಮರದಲ್ಲೂ ಏನಾರ ಊನ ಇರ್ಬೋದು. ವಯಸ್ಸಾಯ್ತಲ್ಲ ನಿಮ್ಗೂವೆ."

ನಾನು ಏನು ಉತ್ತರ ಕೊಟ್ಟೆನೆಂದು ಇಲ್ಲಿ ಹೇಳುವುದಿಲ್ಲ. ಅವನ ಎದುರುಮನೆಯವರು ಇವತ್ತಿಗೂ ಅದನ್ನು ಹೇಳಿಕೊಂಡು ನಗುತ್ತಾರೆ.

ಮನೆಗೆ ಬಂದರೆ ಚಪ್ಪರದಲ್ಲಿ ಇನ್ನೊಂದು ರಗಳೆ ಕಾದಿತ್ತು. ಗಿರಾಕಿಯೊಬ್ಬರು ಕೊಟ್ಟ ಮೊಳಕೆರಾಗಿಯಿಂದ ನಾನು ಅಂಬಲಿ ಮಾಡಿಕೊಂಡಿದ್ದೆ. ದೇವೀರಿಯ ಓಡಾಟದಲ್ಲಿ ಕುಡಿಯುವುದನ್ನೇ ಮರೆತು ಬಟ್ಟಲನ್ನು ತೊಲೆಯ ಕೆಳಗೆ ಬಿಟ್ಟುಹೋಗಿದ್ದೆ, ಅದೆಷ್ಟು ಹೊತ್ತಿನಿಂದ ಬಿದ್ದಿತ್ತೋ. ಈಗ ಅದು ಬಟ್ಟಲು ಮೀರಿ ನೆಲದ ಮೇಲೆ ಹರಿದು, ಸಾಲಾಗಿಟ್ಟಿದ್ದ ಉಳಿಗಳ ಹಿಡಿಗೆಲ್ಲ ಮೆತ್ತಿಕೊಂಡಿತ್ತು.

"ಮಾವ! ಈ ದರಿದ್ರ ಇಪ್ಪೆಹೂವ ಗುಡ್ಸು ಅಂತ ಎಷ್ಟು ಸಲ ಬಡ್ಕೋಬೇಕು? ನೋಡಿಲ್ಲಿ, ನನ್ನ ಅಂಬ್ಲಿ ಒಳಗೆಲ್ಲ ಬಿದ್ದು..."

ಬಾಯಿ ಅಲ್ಲಿಗೇ ನಿಂತಿತು. ಬಟ್ಟಲಿನಲ್ಲಿ ಉಬ್ಬಿದ ಹೂಗಳ ಸುತ್ತ ನೊರೆ ಚಿಟಿಚಿಟಿ ಅನ್ನುತ್ತಿತ್ತು. ಬೆರಳದ್ದಿ ನೆಕ್ಕಿದೆ. ಮಾವನನ್ನು ಕರೆದು ಅವನ ಬಾಯಿಗೂ ಇಟ್ಟೆ.

"ಇದು ಹೆಂಡ ಕಣೆ" ಅಂದ ಮಾವ.

"ಯಾರ ಮನೆ ನೊರೆ?"

"ಯಾರ ಮನೇದೂ ಅಲ್ಲ. ನಿಮ್ಮಪ್ಪನ ತೊಲೇದು."

ಇಬ್ಬರೂ ಕತ್ತೆತ್ತಿ ತೊಲೆಯನ್ನು ನೋಡಿದೆವು. ಅಷ್ಟು ವರ್ಷ ಬಯ್ದಿದ್ದಕ್ಕೆ ಮನಸ್ಸಿನಲ್ಲೇ ಒಮ್ಮೆ ಕೈ ಮುಗಿದೆ.

ಹೂವನ್ನು ಬಾಚಿಕೊಂಡು ಹೋಗಿ ದೇವೀರಿಯ ಮರಿಗೆಗೆ ಹಾಕಿಬಿಡೋಣ ಅಂದ ಮಾವ. ಹಾಗೆ ಮಾಡಿದರೆ ಅವಳು ಹೂವಿನೋಳು ಅನ್ನಿಸಿಕೊಂಡು ಹೆಂಡ ತಿಪ್ಪೆ ಸೇರುತ್ತದೆ. ಕೈಯಾರೆ ಹಾಕುವಂತಿಲ್ಲ. ಹೂವು ಮರದಿಂದಲೇ ಬರಬೇಕು. ಅಂದರೆ ಕೋಲೇ ಇಪ್ಪೆಯದಾಗಬೇಕು, ಅದು ಮರಿಗೆಯ ಮೇಲೆ ನಿಂತು ಹೂ ಬಿಡಬೇಕು, ತಾನೇ ಉದುರಿಸಬೇಕು. ಹುಟ್ಟಿದಾಗಿನಿಂದ ಮರ ಸಾಯಿಸಿದವಳು ನಾನು. ಈಗ ಬದುಕಿಸಿಟ್ಟು ಕೊಡಬೇಕಾಗಿತ್ತು.

ಅದರಲ್ಲಿ ಒಂದು ಕಷ್ಟವಿತ್ತು. ಇಪ್ಪೆಗೆ ಹಾಲಿದೆ. ಹಸಿಕೋಲನ್ನು ಗಂಜಿಯೊಳಗೆ ಇಟ್ಟರೆ ಹಾಲು ಇಳಿದು ಹೆಂಡ ಕೆಡುತ್ತದೆ. ಪೂರ್ತಿ ಸಾಯಿಸಿದರೆ ಹೂವಿಲ್ಲ, ಪೂರ್ತಿ ಬದುಕಿಸಿದರೆ ಹೆಂಡವಿಲ್ಲ. ಹಾಗಾದರೆ ಗಂಜಿಯೊಳಗೆ ಮುಳುಗುವ ಅರ್ಧ ಸಾಯಬೇಕು, ಮೇಲೆ ನಿಲ್ಲುವ ಅರ್ಧ ಬದುಕಬೇಕು. ಅಂಥದ್ದನ್ನು ಅಪ್ಪ ಮಾಡಿರಲಿಲ್ಲ, ಅಜ್ಜ ಮಾಡಿರಲಿಲ್ಲ. ನನಗೆ ಊಟ ಸೇರದಂಥ ಸಂತೋಷವಾಯಿತು.

ಕೆರೆಯೇರಿಯ ಇಪ್ಪೆಯಿಂದ ಕೊಂಬೆ ಆರಿಸಿದೆ. ಎಲೆಯ ಮೊಗ್ಗು ಚೂಪಾಗಿರುತ್ತದೆ, ಹೂವಿನದು ಗುಂಡಗೆ, ಕಂದು ಬಣ್ಣದ ರೋಮ ಹೊದ್ದು ಗೊಂಚಲಾಗಿರುತ್ತದೆ. ಗುಂಡಗಿನವು ಕೋಲಿನ ಮೇಲರ್ಧದಲ್ಲೇ ಇರುವ ನೇರ ಕೊಂಬೆ ಸಿಗಲು ಮಾವ ಮರವನ್ನೆಲ್ಲ ಜಾಲಾಡಿದ. ಕೆಳಗರ್ಧದ ತೊಗಟೆ ಸುಲಿದು ತುದಿಯನ್ನು ಚಪ್ಪಟೆ ಮಾಡಿ, ಬೂದಿನೀರಿನ ಹಂಡೆಯಲ್ಲಿ ಎರಡು ಅರ್ಧ ಸೇರುವ ಕುತ್ತಿಗೆಯ ಮಟ್ಟಕ್ಕೆ ನಿಲ್ಲಿಸಿ ಕುದಿಸಿದೆ. ಮೊದಲ ಕೋಲು ಹಾಳಾಯಿತು. ಕಾವು ಮೇಲಕ್ಕೆ ಹತ್ತಿ ಮೊಗ್ಗೆಲ್ಲ ಬೆಂದು ಉದುರಿತು. ಎರಡನೆಯದಕ್ಕೆ ಕುತ್ತಿಗೆಯ ಸುತ್ತ ಕೆರೆಯ ಮಣ್ಣು ಮೆತ್ತಿ, ಒದ್ದೆಬಟ್ಟೆ ಸುತ್ತಿ, ನಾನು ಕೆಳಗೆ ಬೆಂಕಿ ಹಿಡಿದು ಕುದಿಸುತ್ತಿದ್ದರೆ ಮಾವ ಮೇಲೆ ತಣ್ಣೀರು ಹನಿಸುತ್ತ ನಿಂತ. ಹಾಲು ನೊರೆನೊರೆಯಾಗಿ ಹಂಡೆಯಲ್ಲಿ ತೇಲಿತು. ನೀರು ಚೆಲ್ಲಿ ಹೊಸ ಬೂದಿ ಹಾಕಿ ಮತ್ತೆ ಕುದಿಸಿದೆವು, ನೀರು ತಿಳಿಯಾಗಿಯೇ ಉಳಿಯುವವರೆಗೂ ಹಾಗೇ ಮಾಡಿದೆವು. ಆಮೇಲೆ ಕೆಳಗರ್ಧ ಬಿಸಿ ರಾಗಿಹೊಟ್ಟಿನಲ್ಲಿ, ಮೇಲರ್ಧ ಒದ್ದೆ ಗೋಣಿಯಲ್ಲಿ. ಒಣಗಿದ ಭಾಗಕ್ಕೆ ಹುಚ್ಚೆಳ್ಳೆಣ್ಣೆ ಕುಡಿಸುವಾಗ ಕುತ್ತಿಗೆಯ ಗೆರೆ ದಾಟದಂತೆ ಮೇಣದ ಕಟ್ಟೆ ಕಟ್ಟಿದೆ. ಮುಗಿದ ಮೇಲೆ ಕೋಲನ್ನು ಗೋಡೆಗೆ ಒರಗಿಸಿ ನೋಡಿದೆ. ಕೆಳಗೆ ಎಣ್ಣೆ ಕುಡಿದು ಕಪ್ಪಗೆ ಹೊಳೆಯುವ ಸತ್ತ ಮರ, ಮೇಲೆ ತೊಗಟೆ ಹೊದ್ದ ಹಸಿ ಮರ, ನಡುವೆ ದಾರ ಹಿಡಿದು ಎಳೆದಂಥ ಗೆರೆ. ಈ ಕೆಲಸ ಮಾಡುವ ಇನ್ನೊಬ್ಬ ಬಡಗಿ ಈ ಸುತ್ತಿನಲ್ಲಿದ್ದರೆ ಕರೆದು ತನ್ನಿ, ನಾನು ಬಾಚಿ ಕೆಳಗಿಡುತ್ತೇನೆ.

ಗುರುತು ಒತ್ತಲು ಕಬ್ಬಿಣ ಕಾಯಿಸುವಾಗ ಮಾವ ನನ್ನ ಕೈ ಹಿಡಿದ.

"ಗುರುತು ಬ್ಯಾಡ ಕಣೆ ಕಾಳಿ. ಹಂಗೇ ಕೊಡು. ಕೋಲು ಚಿಗುರಿದ್ದು ಊರೆಲ್ಲ ನೋಡ್ತದೆ. ಕಾಳಮ್ಮನ ಕೋಲು ಚಿಗುರ್ತು ಅಂತ ಒಂದ್ಸಲ ಬಾಯಿಗೆ ಬಿದ್ರೆ ಹೋಯ್ತು. ನಿಮ್ಮಪ್ಪನ ಕಾಲದಿಂದ ಬಂದ ಹೆಸ್ರು."

ಅವನು ಹೇಳಿದ್ದು ಸುಳ್ಳಲ್ಲ. ಹೆಂಡದ ಸಾಮಾನಿನ ಬಡಗಿಗೆ ಅದಕ್ಕಿಂತ ದೊಡ್ಡ ಮಾನಭಂಗ ಇಲ್ಲ. ಗುರುತಿಲ್ಲದಿದ್ದರೆ ದೇವೀರಿಯೇ ಎಲ್ಲಿಂದಲೋ ತಂದಳು ಅಂತಾಗುತ್ತದೆ. ಕಬ್ಬಿಣ ಕೆಂಪಗಾಗುವವರೆಗೂ ನಾನು ಯೋಚಿಸಿದೆ. ಆದರೆ ನನ್ನ ಜೀವಮಾನದಲ್ಲೇ ಅಷ್ಟು ಒಳ್ಳೆಯ ಕೆಲಸವನ್ನು ನಾನು ಮಾಡಿರಲಿಲ್ಲ. ಅಪ್ಪನಿಲ್ಲದ ಕೂಸಿನ ಹಾಗೆ ಅದನ್ನು ಬೀದಿಗೆ ಕಳಿಸಲು ಮನಸ್ಸು ಒಪ್ಪಲಿಲ್ಲ. ಸುಯ್ ಅಂತ ಒತ್ತಿದೆ. ಮಾವ ಗೊಣಗುತ್ತ ಎದ್ದುಹೋದ.

ದೇವೀರಿ ಹೊಸ ಗಂಜಿ ಕಾಯಿಸಿ, ಆರಿಸಿ, ಕೋಲು ನಿಲ್ಲಿಸಿದಳು. ಮೊಗ್ಗು ಬಿಗಿದುಕೊಂಡೇ ಇತ್ತು. ಹುಣ್ಣಿಮೆ ಹತ್ತಿರವಾಗುತ್ತ ಬಂತು. ನಾನು ಬೆಳಗಾದರೆ ಕೆರೆಗೆ ಹೋಗುವ ನೆಪದಲ್ಲಿ ಅವಳ ಗುಡಿಸಲಿಗೆ ಇಣುಕುತ್ತಿದ್ದೆ. ಒಂದು ದಿನ ಅವಳು ಕುಡುಗೋಲು ಹಿಡಿದು ಕೋಲಿನ ಮುಂದೆ ನಿಂತಿದ್ದಳು. ಬಾಗಿಲು, ಮಂಚ ಎಲ್ಲ ಸವರಿ ಮುಗಿಸಿ, ಅಭ್ಯಾಸಬಲದಿಂದ ಅದನ್ನೂ ಸವರಲು ಹೊರಟಿದ್ದಳು.

"ಅದಕ್ಕೆ ಕುಡ್ಗೋಲು ಮುಟ್ಸಿದ್ರೆ ಕೈ ಮುರೀತೀನಿ!" ಅಂತ ಕಿರುಚಿದೆ. ಅವಳು ಬೆಚ್ಚಿಬಿದ್ದು ಕುಡುಗೋಲು ಕೆಳಗೆ ಹಾಕಿದಳು.

"ಹೂವು ಬರದಿದ್ರೆ ಕಾಳಕ್ಕ? ನಾನು ಮತ್ತೆ ಆ ಲೋಟದ ಸದ್ದಿಗೆ ಓಡಾಡ್ಕಂಡು ಇರ್ಬೇಕಾಯ್ತದೆ."

"ಬತ್ತದೆ. ಇಪ್ಪೆ ಹಠಮಾರಿ. ನಿನ್ನಂಗೆ, ನನ್ನಂಗೆ." ಹಾಗೆ ಹೇಳಿದೆನೇ ಹೊರತು ನನಗೂ ಅಷ್ಟು ಭರವಸೆ ಇರಲಿಲ್ಲ. ಮಾರನೆಯ ಬೆಳಿಗ್ಗೆ ಹೋದಾಗ ಅವಳು ಬಾಗಿಲ ಬಳಿಯೇ ನಿಂತಿದ್ದಳು, ನನ್ನ ಕೈ ಹಿಡಿದು ಒಳಗೆ ಎಳೆದುಕೊಂಡು ಹೋದಳು. ಕೋಲಿನ ಮೇಲರ್ಧದಲ್ಲಿ ಗೊಂಚಲು ಬಿರಿದು, ಕೆನೆಬಣ್ಣದ ಹೂಗಳು ಒಂದೊಂದಾಗಿ ಗಂಜಿಯೊಳಗೆ ಬೀಳುತ್ತಿದ್ದವು. ಹೂವು ಬಿದ್ದ ಕಡೆಯೆಲ್ಲ ಸಣ್ಣಗೆ ನೊರೆ ಏಳತೊಡಗಿತ್ತು. ಇಬ್ಬರೂ ಕೂತು ಅತ್ತೆವು. ಆಮೇಲೆ ಯಾಕೆ ಅಳುತ್ತಿದ್ದೇವೆಂದು ನಗು ಬಂತು.

ಹುಣ್ಣಿಮೆಯ ಮಧ್ಯಾಹ್ನ ಬೀದಿಯವರೆಲ್ಲ ಗುಡಿಸಲ ಮುಂದೆ ಸೇರಿದರು. ಊರಿನ ಹಿರಿಯಳು ಮಲ್ಲಾಜಮ್ಮ. ಹಲ್ಲೊಂದೂ ಇಲ್ಲ, ನಾಲಿಗೆ ಮಾತ್ರ ಇನ್ನೂ ಎಳೆಯದು. ಬೋರಯ್ಯ ಬಿಳಿಪಂಚೆ ಉಟ್ಟು ಚಾಪೆಯ ಮೇಲೆ ಕುಳಿತಿದ್ದ. ಮರಿಗೆಯನ್ನು ಹೊರಗೆ ತಂದಾಗ ಜನ ಮೊದಲು ನೋಡಿದ್ದು ಅದರಲ್ಲಿ ಉಕ್ಕುತ್ತಿದ್ದ ನೊರೆಯನ್ನಲ್ಲ, ಅದರೊಳಗೆ ಎಲೆ, ಹೂ ಬಿಟ್ಟು ನಿಂತಿದ್ದ ಕೋಲನ್ನು. ಗುಸುಗುಸು ಎದ್ದಿತು. ಮಲ್ಲಾಜಮ್ಮ ಕೈಯೆತ್ತಿ ಸುಮ್ಮನಾಗಿಸಿ, ಕೇಳಬೇಕಾದ್ದನ್ನು ಕೇಳಿದಳು.

"ರಾಗಿ, ನೀರು, ಮರ. ಬ್ಯಾರೆ ಏನಾರ ಹಾಕಿದ್ದೀಯೇನವ್ವ?"

"ಇಲ್ಲ ಕಣಜ್ಜಿ" ಅಂದಳು ದೇವೀರಿ.

"ಹೂವು ತೇಲ್ತಾವೆ!" ಅಂದ ಬೋರಯ್ಯ. "ಹೂವು ಹಾಕವ್ಳೆ. ಬೆಲ್ಲ ಹಾಕಿದ್ರೇನು, ಹೂವು ಹಾಕಿದ್ರೇನು?"

ಎಲ್ಲರೂ ದೇವೀರಿಯನ್ನು ನೋಡಿದರು. ಅವಳು ನನ್ನ ಕಡೆ ನೋಡಲಿಲ್ಲ. ನನ್ನ ಹೆಸರು ಎತ್ತಬಾರದೆಂದು ತುಟಿ ಕಚ್ಚಿಕೊಂಡು ನಿಂತಿದ್ದಳು. ಮಾವ ನನ್ನ ಸೆರಗು ಹಿಡಿದಿದ್ದ. ಬಿಡಿಸಿಕೊಂಡು ಮುಂದೆ ಹೋದೆ.

"ಅವಳು ಹಾಕಿಲ್ಲ. ಕೋಲು ಹಾಕೈತೆ. ಕೋಲು ಮರ ತಾನೇ? ಚಿಗುರೈತೆ, ಹೂ ಬಿಟ್ಟೈತೆ, ಉದುರ್ಸೈತೆ."

"ಚಿಗುರಿದ ಕೋಲು!" ಬೋರಯ್ಯ ನಕ್ಕ. "ಯಾವ ಬಡಗಿ ಮಾಡಿದ್ದು ಇಂಥದ್ದ?"

"ಗುರ್ತು ನೋಡಿ."

ಮಲ್ಲಾಜಮ್ಮ ಎದ್ದು ಬಂದು, ಹೂಗೊಂಚಲು ಸರಿಸಿ, ಬೆರಳಿನಿಂದ ಗುರುತನ್ನು ತಡವಿದಳು. "ಬಾಚಿ" ಅಂದಳು. ನನ್ನ ಕೋಲನ್ನು ಕಣ್ಣು ಮುಚ್ಚಿ ಒಯ್ಯುತ್ತಿದ್ದ ಹೆಂಗಸರೆಲ್ಲ ಅಲ್ಲಿದ್ದರು. ನಾನು ತಲೆ ತಗ್ಗಿಸಲಿಲ್ಲ.

"ಹೌದು, ನಂದೇ. ಕೆಳಗಿನರ್ಧ ಸತ್ತೈತೆ, ಮ್ಯಾಗಿನರ್ಧ ಬದುಕೈತೆ. ಬೇಕು ಅಂತಲೇ ಮಾಡಿದ್ದೀನಿ. ಕಹಿ ಐತಾ ನೋಡಿ. ಇದ್ರೆ ನನ್ನ ಬಾಚಿ ತಗಂಡು ಕೆರೆಗೆ ಹಾಕಿ."

ಮಲ್ಲಾಜಮ್ಮ ಲೋಟ ಚಾಚಿದಳು. ದೇವೀರಿ ಬಗ್ಗಿಸಿ ಕೊಟ್ಟಳು. ಮುದುಕಿ ಒಂದು ಗುಟುಕು ಕುಡಿದು ಬಾಯೊಳಗೆ ಅತ್ತಿತ್ತ ಹೊರಳಿಸಿದಳು. ಆಮೇಲೆ ಇನ್ನೊಂದು ಗುಟುಕು. ಆಮೇಲೆ ಲೋಟ ಖಾಲಿ ಮಾಡಿ, ತಳದಲ್ಲಿ ಉಳಿದ ಹೂವನ್ನೂ ಒಸಡಿನಿಂದ ಅಗಿದು ನುಂಗಿದಳು.

"ನನ್ನ ವಯಸ್ಸಿಗೆ ಇಂಥದ್ದು ಕುಡಿದಿಲ್ಲ. ಮರ ಹಾಕಿದ್ದು ಮರವೇ. ಉಕ್ಕೈತೆ, ಇದು ಮನೆ" ಅಂದು ಚಾಪೆಯ ಕಡೆ ತಿರುಗಿದಳು. "ಬೋರಯ್ಯ, ನಿಂದು."

ದೇವೀರಿ ಎರಡನೆಯ ಲೋಟವನ್ನು ಬೋರಯ್ಯನ ಮುಂದಿಟ್ಟಳು. ಅವನು ತೇಲುತ್ತಿದ್ದ ಹೂವನ್ನು ಊದಿ ಪಕ್ಕಕ್ಕೆ ಸರಿಸಿ ಕುಡಿದ. ತಪ್ಪು ಹುಡುಕುತ್ತಲೇ ಕುಡಿದ, ಅದು ಅವನ ಹುಬ್ಬಿನಲ್ಲೇ ಕಾಣುತ್ತಿತ್ತು. ಲೋಟ ಖಾಲಿಯಾಯಿತು. ಅವನ ಕೈ ತನ್ನಷ್ಟಕ್ಕೆ ಲೋಟವನ್ನು ನೆಲದ ಕಡೆ ಇಳಿಸಿತು. ನೆಲ ಮುಟ್ಟಲು ಇನ್ನೂ ಬೆರಳಗಲ ಇತ್ತು. ದೇವೀರಿ ಅಲ್ಲೇ ನಿಂತಿದ್ದಳು. ಈ ಸಲ ಅವಳ ಕಾಲು ಅಲುಗಲಿಲ್ಲ.

ಲೋಟ ಹಾಗೇ ಗಾಳಿಯಲ್ಲಿ ನಿಂತಿತು. ಬೋರಯ್ಯ ಸುತ್ತ ನೋಡಿದ. ಇದು ತನ್ನ ಜಗುಲಿಯಲ್ಲ, ತಾನು ಕುಳಿತಿರುವುದು ಬೇರೆಯವರ ಚಾಪೆಯ ಮೇಲೆ ಅನ್ನುವುದು ಅವನಿಗೆ ಆಗ ಹೊಳೆಯಿತೇನೋ. ಲೋಟವನ್ನು ಅವಳ ಕಡೆ ಚಾಚಿದ.

"ದೇವೀರವ್ವ, ಇನ್ನೊಂಚೂರು ಇದ್ರೆ ಕೊಡ್ತೀಯಾ?"

"ಐತೆ ಬಾವ. ಕೂತ್ಕಳಿ, ತತ್ತೀನಿ" ಅಂದಳು ದೇವೀರಿ. ಓಡಲಿಲ್ಲ. ಮರಿಗೆಯ ಬಳಿಗೆ ನಿಧಾನವಾಗಿ ನಡೆದುಹೋಗಿ, ಕೋಲು ಹಿಡಿದು ಒಂದು ಸುತ್ತು ಕಲಕಿ, ತನ್ನ ಮನೆಗೆ ಬಂದ ನೆಂಟನಿಗೆ ತುಂಬಿಸಿ ತಂದುಕೊಟ್ಟಳು.

ಆ ಕೋಲು ಈಗಲೂ ಅವಳ ಮನೆಯಲ್ಲಿದೆ, ಯುಗಾದಿಗೆ ಹೂ ಬಿಡುತ್ತದೆ. ಕಾಳಮ್ಮನ ಕೋಲೂ ಚಿಗುರಿತಂತೆ ಅಂತ ಪಕ್ಕದ ಊರಿನವರು ಯಾರಾದರೂ ಕೇಳಿದರೆ ನಾನು ಅಲ್ಲಗಳೆಯುವುದಿಲ್ಲ. ಕೈ ಹಿಡಿದು ಕೆರೆಯಂಚಿಗೆ ಕರೆದುಕೊಂಡು ಹೋಗುತ್ತೇನೆ, ಗೊಂಚಲು ಸರಿಸಿ ಗುರುತು ತೋರಿಸುತ್ತೇನೆ.